ತರಗತಿಗೆ ಬಂದ ಮಕ್ಕಳು, ಮನೆಯಲ್ಲೇ ಉಳಿದ ಮಕ್ಕಳು: ಒಂದು ಶಾಲೆಯ ಪುನರಾರಂಭ ಯೋಜನೆಯ ವಿಮರ್ಶೆ

ಬೆಂಗಳೂರಿನ ಬನಶಂಕರಿ ಕಡೆಯ ಒಂದು ಖಾಸಗಿ ಅನುದಾನರಹಿತ ಶಾಲೆಯಲ್ಲಿ ನನ್ನ ಮಗ ಏಳನೇ ತರಗತಿಯಲ್ಲೂ ಮಗಳು ನಾಲ್ಕನೇ ತರಗತಿಯಲ್ಲೂ ಓದುತ್ತಿದ್ದಾರೆ. ಕೋವಿಡ್‌ನಿಂದಾಗಿ ಮುಚ್ಚಿದ್ದ ಶಾಲೆಗಳಲ್ಲಿ ಸರ್ಕಾರದ ಆದೇಶದಂತೆ 2021ರ ಸೆಪ್ಟೆಂಬರ್ 6ರಂದು ಆರರಿಂದ ಎಂಟರವರೆಗಿನ ತರಗತಿಗಳು, ಅಕ್ಟೋಬರ್ 25ರಂದು ಒಂದರಿಂದ ಐದರವರೆಗಿನ ತರಗತಿಗಳು ಆರಂಭವಾದವು. ಎರಡೂ ಸಲ ಶಾಲೆಯು ಪೋಷಕರಿಗೆ ಲಿಖಿತ ಪುನರಾರಂಭ ಯೋಜನೆಯೊಂದನ್ನು ಮುಂಚಿತವಾಗಿ ಕಳುಹಿಸಿತ್ತು. ದೀಪಾವಳಿ ಕಳೆದು 2021ರ ನವೆಂಬರ್ ತಿಂಗಳೂ ಮುಗಿಯುತ್ತ ಬಂದಿರುವ ಈ ಹೊತ್ತಿನಲ್ಲಿ, ಆ ಯೋಜನೆ ಕಾಗದದ ಮೇಲೆ ಹೇಗಿತ್ತು, ನಡೆದದ್ದು ಹೇಗೆ ಎಂಬುದನ್ನು ಇತರ ಪೋಷಕರಿಗೆ ಉಪಯೋಗವಾಗಲೆಂದು ಬರೆಯುತ್ತಿದ್ದೇನೆ. ಶಾಲೆಯ ಹೆಸರನ್ನು ಇಲ್ಲಿ ಹಾಕಿಲ್ಲ, ಏಕೆಂದರೆ ನಾನು ತೂಗಿ ನೋಡಬೇಕೆಂದಿರುವುದು ವ್ಯವಸ್ಥೆಯನ್ನೇ ಹೊರತು ವ್ಯಕ್ತಿಗಳನ್ನಲ್ಲ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ತರಗತಿಗೆ ಬಂದ ಮಕ್ಕಳ ವಿಷಯದಲ್ಲಿ ಈ ಶಾಲೆ ಮನಸ್ಸಿಟ್ಟು ಕೆಲಸ ಮಾಡಿದೆ, ಮನೆಯಲ್ಲೇ ಉಳಿದ ಮಕ್ಕಳ ವಿಷಯದಲ್ಲಿ ಅದರ ಯೋಜನೆ ತೀರಾ ತೆಳುವಾಗಿದೆ.

ಶಾಲೆ ಮುಚ್ಚಿದ್ದ ಕಾಲದ ಬೋಧನೆಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. 2020ರ ಜೂನ್‌ನಲ್ಲಿ ರಾಜ್ಯ ಸರ್ಕಾರ ಚಿಕ್ಕ ಮಕ್ಕಳಿಗೆ ಆನ್‌ಲೈನ್ ತರಗತಿ ನಡೆಸದಂತೆ ನಿರ್ಬಂಧ ಹೇರಿದ್ದು, ಜುಲೈ 8ರಂದು ಹೈಕೋರ್ಟ್ ಅದಕ್ಕೆ ತಡೆ ನೀಡಿದ್ದು, ಅದೇ ತಿಂಗಳು ಆನ್‌ಲೈನ್ ಬೋಧನೆ ಕುರಿತ ಕೇಂದ್ರದ ಪ್ರಜ್ಞಾತ ಮಾರ್ಗಸೂಚಿ ಬಂದದ್ದು ಎಲ್ಲರಿಗೂ ನೆನಪಿರಬಹುದು. ಒಂದರಿಂದ ಎಂಟನೇ ತರಗತಿಯವರಿಗೆ ದಿನಕ್ಕೆ 30ರಿಂದ 45 ನಿಮಿಷಗಳ ಎರಡು ಅವಧಿಗಳಿಗಿಂತ ಹೆಚ್ಚು ನೇರ ತರಗತಿ ಬೇಡವೆಂದು ಆ ಮಾರ್ಗಸೂಚಿ ಹೇಳಿತ್ತು. ನಮ್ಮ ಶಾಲೆ ಈ ಮಿತಿಯನ್ನು ಬಹುಮಟ್ಟಿಗೆ ಪಾಲಿಸಿತು. ಶಿಕ್ಷಕಿಯರು ಸಂಬಳ ಕಡಿತವಾದ ತಿಂಗಳುಗಳಲ್ಲೂ ತಮ್ಮ ಮೊಬೈಲಿನಿಂದ, ತಮ್ಮದೇ ಡೇಟಾ ಖರ್ಚಿನಲ್ಲಿ ಪಾಠ ಮಾಡಿದರು. ಅದಕ್ಕಾಗಿ ಅವರಿಗೆ ನಾನು ಋಣಿ.

ಯೋಜನೆಯ ಅತ್ಯುತ್ತಮ ಭಾಗವೆಂದರೆ ಸೇತುಬಂಧಕ್ಕೆ, ಅಂದರೆ ಹಿಂದಿನ ತರಗತಿಗಳ ಕಲಿಕೆಯನ್ನು ಭದ್ರಪಡಿಸುವುದಕ್ಕೆ, ಕೊಟ್ಟ ಕಾಲಾವಕಾಶ. ಪ್ರತಿ ವರ್ಷ ಶಾಲೆಗಳಲ್ಲಿ ಸೇತುಬಂಧವೆಂದರೆ ಒಂದು ಪೂರ್ವ ಪರೀಕ್ಷೆ, ಕೆಲವು ದಿನಗಳ ಪುನರಾವರ್ತನೆ, ಮತ್ತೊಂದು ಪರೀಕ್ಷೆ, ಅಷ್ಟಕ್ಕೇ ಮುಗಿಯುವುದು ವಾಡಿಕೆ. ಈ ಸಲ ಶಾಲೆಯು ನಾಲ್ಕನೇ ತರಗತಿಯ ಪಠ್ಯಪುಸ್ತಕವನ್ನು ತೆರೆಯದೆ, ಎರಡು ಮತ್ತು ಮೂರನೇ ತರಗತಿಯ ಕಾಗುಣಿತ, ಒತ್ತಕ್ಷರ, ಮಗ್ಗಿ, ದಶಕ ತೆಗೆದುಕೊಂಡು ಮಾಡುವ ಕಳೆಯುವ ಲೆಕ್ಕ ಇವುಗಳಿಂದಲೇ ತೊಡಗುವುದಾಗಿ ಯೋಜನೆಯಲ್ಲಿ ಸ್ಪಷ್ಟವಾಗಿ ಬರೆದಿತ್ತು ಮತ್ತು ಹಾಗೆಯೇ ನಡೆದುಕೊಂಡಿತು. ಪಾಠಗಳು ಹಿಂದೆ ಬೀಳುತ್ತವೆಂದು ಕೆಲವು ಪೋಷಕರು ಆಕ್ಷೇಪಿಸಿದಾಗಲೂ ಮುಖ್ಯೋಪಾಧ್ಯಾಯಿನಿಯವರು ಸಡಿಲಗೊಳ್ಳಲಿಲ್ಲ.

ಇದರ ಅಗತ್ಯ ಎಷ್ಟಿತ್ತೆಂಬುದಕ್ಕೆ ನಮ್ಮ ಮನೆಯದೇ ಉದಾಹರಣೆ ಕೊಡಬಹುದು. ನನ್ನ ಮಗಳು 'ಸೂರ್ಯ', 'ಕಾರ್ಯ' ಮೊದಲಾದ ಪದಗಳನ್ನು ಬರೆಯುವಾಗ, ರಕಾರ ಮೊದಲು ಕೇಳಿಸುತ್ತದೆ ಎಂಬ ಕಾರಣಕ್ಕೆ, ಅರ್ಕಾವತ್ತನ್ನು ಯಕಾರಕ್ಕಿಂತ ಮೊದಲೇ ಹಾಕುವುದನ್ನು ರೂಢಿ ಮಾಡಿಕೊಂಡಿದ್ದಳು. ಪ್ರತಿದಿನ ನೋಟ್‌ಪುಸ್ತಕದ ಫೋಟೋ ತೆಗೆದು ಆ್ಯಪ್‌ಗೆ ಹಾಕುತ್ತಿದ್ದೆವು, ಅತ್ತಲಿಂದ ಹಸಿರು ಗುರುತು ಬರುತ್ತಿತ್ತು. ನೆರಳು ಬಿದ್ದ, ಅರ್ಧ ಮಸುಕಾದ ಆ ಚಿತ್ರಗಳಲ್ಲಿ ಇಂತಹ ತಪ್ಪು ಯಾರ ಕಣ್ಣಿಗೂ ಬೀಳಲಿಲ್ಲ. ತರಗತಿ ಆರಂಭವಾದ ವಾರದಲ್ಲೇ ಉಕ್ತಲೇಖನ ಬರೆಸುತ್ತ ಮೇಜುಗಳ ನಡುವೆ ಓಡಾಡುತ್ತಿದ್ದ ಕನ್ನಡ ಶಿಕ್ಷಕಿ ಅದನ್ನು ಗಮನಿಸಿ, ಪಕ್ಕದಲ್ಲಿ ನಿಂತು ಅವಳಿಂದ ಐದಾರು ಪದ ಬರೆಸಿ ತಿದ್ದಿದರು. ಪೆನ್ಸಿಲ್ ಯಾವ ಕಡೆಯಿಂದ ಯಾವ ಕಡೆಗೆ ಹೋಗುತ್ತಿದೆ ಎಂಬುದನ್ನು ನೋಡಲು ಶಿಕ್ಷಕರೊಬ್ಬರು ಮಗುವಿನ ಹತ್ತಿರವೇ ಇರಬೇಕು, ಅದನ್ನು ಯಾವ ಆ್ಯಪ್ ಕೂಡ ತುಂಬಿಕೊಡಲಾರದು ಎಂದು ನಾನು ದೃಢವಾಗಿ ನಂಬಿದ್ದೇನೆ.

ತಂಡಗಳ ವಿಂಗಡಣೆಯಲ್ಲಿ ಆರಂಭದಲ್ಲಿ ಗೊಂದಲವಿತ್ತು. ಅರ್ಧದಷ್ಟು ಮಕ್ಕಳನ್ನು ಮಾತ್ರ ಕೂರಿಸಬೇಕಾದ್ದರಿಂದ ಹಾಜರಿ ಸಂಖ್ಯೆಯ ಬೆಸ-ಸಮದ ಆಧಾರದಲ್ಲಿ ದಿನ ಬಿಟ್ಟು ದಿನ ಕರೆಯುವುದೆಂದು ಶಾಲೆ ತೀರ್ಮಾನಿಸಿತು; ಹೀಗಾಗಿ ಅಣ್ಣ ಸೋಮವಾರ, ತಂಗಿ ಮಂಗಳವಾರ ಹೋಗಬೇಕಾಗಿ ಬಂತು. ಇಬ್ಬರೂ ಕೆಲಸಕ್ಕೆ ಹೋಗುವ ತಂದೆ ತಾಯಿ ಇರುವ ಮನೆಗಳಲ್ಲಿ ಇದರಿಂದ ಪ್ರತಿದಿನವೂ ಯಾರಾದರೊಬ್ಬರು ರಜೆ ಹಾಕುವ ಪರಿಸ್ಥಿತಿ ಉಂಟಾಯಿತು. ಪೋಷಕರ ಸಭೆಯಲ್ಲಿ ಈ ವಿಷಯ ಬಂದ ಕೂಡಲೇ ಒಡಹುಟ್ಟಿದವರನ್ನು ಒಂದೇ ದಿನಕ್ಕೆ ಸೇರಿಸಿ ಪಟ್ಟಿಯನ್ನು ಬದಲಿಸಿದರು. ಮಾತು ಕೇಳಿ ತಿದ್ದಿಕೊಳ್ಳುವ ಆಡಳಿತ ಮಂಡಳಿ ಸಿಗುವುದು ಅಪರೂಪ, ಇದನ್ನು ಮೆಚ್ಚಲೇಬೇಕು.

ಇನ್ನು ನನ್ನ ಮುಖ್ಯ ಆಕ್ಷೇಪಕ್ಕೆ ಬರುತ್ತೇನೆ. ತರಗತಿಗೆ ಬರಲು ಪೋಷಕರ ಒಪ್ಪಿಗೆ ಪತ್ರ ಕಡ್ಡಾಯ, ಹಾಜರಾತಿ ಮಾತ್ರ ಕಡ್ಡಾಯವಲ್ಲ, ಬಾರದವರಿಗೆ ಆನ್‌ಲೈನ್ ಪಾಠ ಮುಂದುವರಿಯುತ್ತದೆ ಎಂಬುದು 2021ರಲ್ಲಿ ಸರ್ಕಾರದ ನಿಯಮವಾಗಿತ್ತು. ಮನೆಯಲ್ಲಿ ವಯಸ್ಸಾದ ಅಜ್ಜಿಯೋ ಕಾಯಿಲೆಯವರೋ ಇರುವ ಕಾರಣಕ್ಕೆ ಮಗಳ ತರಗತಿಯಲ್ಲಿ ಹಲವು ಮಕ್ಕಳು ಇನ್ನೂ ಮನೆಯಿಂದಲೇ ಓದುತ್ತಿದ್ದಾರೆ. ಅವರಿಗಾಗಿ ಯೋಜನೆಯಲ್ಲಿದ್ದದ್ದು 'ತರಗತಿಯ ಪಾಠವನ್ನು ನೇರ ಪ್ರಸಾರ ಮಾಡಲಾಗುವುದು' ಎಂಬ ಒಂದೇ ವಾಕ್ಯ. ಆಚರಣೆಯಲ್ಲಿ ಇದರ ಅರ್ಥ ಇಷ್ಟೇ: ಮೊದಲ ಸಾಲಿನ ಪಕ್ಕದಲ್ಲಿ ಒಂದು ಸ್ಟ್ಯಾಂಡ್, ಅದರ ಮೇಲೆ ಕಪ್ಪು ಹಲಗೆಯ ಕಡೆ ಮುಖ ಮಾಡಿದ ಒಂದು ಮೊಬೈಲ್. ಮಗಳಿಗೆ ಜ್ವರ ಬಂದಿದ್ದಾಗ ಆ ಪ್ರಸಾರವನ್ನು ನಾನೂ ಕುಳಿತು ನೋಡಿದೆ. ಕಿಟಕಿಯ ಬೆಳಕು ಹಲಗೆಯ ಬಲಭಾಗದ ಮೇಲೆ ಬಿದ್ದು ಅಲ್ಲಿನ ಬರಹ ಕಾಣಿಸುತ್ತಿರಲಿಲ್ಲ. ಮಾಸ್ಕ್ ಹಾಕಿಕೊಂಡ ಶಿಕ್ಷಕಿ ನಾಲ್ಕು ಹೆಜ್ಜೆ ಆಚೆ ಹೋದರೆ ಫ್ಯಾನಿನ ಸದ್ದು ಬಿಟ್ಟರೆ ಬೇರೇನೂ ಕೇಳಿಸುತ್ತಿರಲಿಲ್ಲ. ಮನೆಯಲ್ಲಿದ್ದ ಒಬ್ಬ ಹುಡುಗ 'ಮಿಸ್, ಕಾಣಿಸ್ತಿಲ್ಲ' ಎಂದು ಮತ್ತೆ ಮತ್ತೆ ಹೇಳಿ, ಕೊನೆಗೆ ತಾನೇ ಕ್ಯಾಮೆರಾ ಆಫ್ ಮಾಡಿಕೊಂಡ. ಇದು ಶಿಕ್ಷಕಿಯ ತಪ್ಪಲ್ಲ. ಎದುರಿಗಿರುವ ಮಕ್ಕಳನ್ನೂ ಮೊಬೈಲಿನೊಳಗಿನ ಮಕ್ಕಳನ್ನೂ ಒಟ್ಟಿಗೆ ನೋಡಿಕೊಳ್ಳಿ ಎಂದು ಒಬ್ಬರ ಮೇಲೆ ಹೊರಿಸಿದ ಯೋಜನೆಯ ತಪ್ಪು.

ಹೋಲಿಸಿ ನೋಡಲು ನನಗೊಂದು ಅವಕಾಶವಿದೆ. ನನ್ನ ತಂಗಿಯ ಮಗ ಕ್ಯಾಲಿಫೋರ್ನಿಯಾದ ಒಂದು ಚಾರ್ಟರ್ ಶಾಲೆಯಲ್ಲಿ ಓದುತ್ತಾನೆ. ಸರ್ಕಾರದ ಹಣದಿಂದ ನಡೆಯುವ, ಮಕ್ಕಳಿಂದ ಬೋಧನಾ ಶುಲ್ಕ ಪಡೆಯದ, ಆದರೆ ಒಪ್ಪಂದಪತ್ರವೊಂದರ ಷರತ್ತುಗಳಿಗೆ ಒಳಪಟ್ಟು ಸ್ವತಂತ್ರ ಮಂಡಳಿಯು ಆಡಳಿತ ನೋಡಿಕೊಳ್ಳುವ ಶಾಲೆಗಳಿಗೆ ಅಲ್ಲಿ ಆ ಹೆಸರು. ದೂರಶಿಕ್ಷಣದ ಕಾಲದಲ್ಲಿ ಆ ರಾಜ್ಯವು ಚಾರ್ಟರ್ ಶಾಲೆಗಳೂ ಸೇರಿದಂತೆ ಸಾರ್ವಜನಿಕ ಶಾಲಾ ವ್ಯವಸ್ಥೆಯೆಲ್ಲವೂ ಕಲಿಕೆಯ ಮುಂದುವರಿಕೆ ಮತ್ತು ಹಾಜರಾತಿಯ ಯೋಜನೆಯನ್ನು ಪೋಷಕರ ಅಭಿಪ್ರಾಯ ಪಡೆದು 2020ರ ಸೆಪ್ಟೆಂಬರ್ 30ರೊಳಗೆ ಅಂಗೀಕರಿಸಬೇಕೆಂದು ಕಾನೂನು ಮಾಡಿತು. ಯಾವ ಮಗುವಿಗೆ ಸಾಧನವಿಲ್ಲ, ಇಂಟರ್ನೆಟ್ ಇಲ್ಲ, ಕಲಿಕೆಯ ನಷ್ಟವನ್ನು ಅಳೆಯುವುದು ಹೇಗೆ, ಊಟ ತಲುಪಿಸುವುದು ಹೇಗೆ, ಮಕ್ಕಳ ಮನಸ್ಸಿನ ಆರೋಗ್ಯವನ್ನು ನೋಡಿಕೊಳ್ಳುವವರು ಯಾರು ಎಂಬ ಪ್ರಶ್ನೆಗಳಿಗೆಲ್ಲ ಅದರಲ್ಲಿ ಉತ್ತರವಿರಬೇಕಿತ್ತು. ನಮ್ಮಲ್ಲಿ ನೇರ ತರಗತಿಗೆ ಗರಿಷ್ಠ ಮಿತಿ ಹಾಕಿದರೆ, ಅಲ್ಲಿ ಕನಿಷ್ಠ ಮಿತಿಯನ್ನು ನಿಗದಿಪಡಿಸಿದರು: ಒಂದರಿಂದ ಮೂರನೇ ತರಗತಿಗೆ ದಿನಕ್ಕೆ 230 ನಿಮಿಷ, ನಾಲ್ಕು ಮತ್ತು ಅದಕ್ಕೂ ಮೇಲಿನವರಿಗೆ 240 ನಿಮಿಷ. ಶಿಕ್ಷಕರು ಕೊಟ್ಟ ಕೆಲಸಕ್ಕೆ ಬೇಕಾಗುವ ಹೊತ್ತೂ ಇದರಲ್ಲಿ ಸೇರುತ್ತಿತ್ತು, ಜೊತೆಗೆ ಪ್ರತಿದಿನ ಶಿಕ್ಷಕರೊಡನೆ ನೇರ ಮಾತುಕತೆಯೂ ಕಡ್ಡಾಯವಾಗಿತ್ತು. ಅಲ್ಲಿನ ಹಣಬಲ ನಮ್ಮ ಶಾಲೆಗಳಿಗಿಲ್ಲ, ನಿಜ. ಆದರೆ ಮನೆಯಲ್ಲಿರುವ ಮಗುವಿಗೆ ದಿನಕ್ಕೆ ಇಷ್ಟು ಹೊತ್ತು ಪಾಠ, ಇಷ್ಟು ಹೊತ್ತು ಅಭ್ಯಾಸ, ವಾರಕ್ಕೆ ಇಷ್ಟು ಸಲ ಶಿಕ್ಷಕರ ಕರೆ ಎಂದು ಯೋಜನೆಯಲ್ಲಿ ಬರೆದು ಒಪ್ಪಿಕೊಳ್ಳುವುದಕ್ಕೆ ಹಣಕ್ಕಿಂತ ಇಚ್ಛೆ ಬೇಕು.

ಯೋಜನೆ ಮೊದಲು ಇಂಗ್ಲಿಷಿನಲ್ಲಿ ಮಾತ್ರ ಬಂದದ್ದೂ ಸರಿಯಲ್ಲ. ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುವ ತಾಯಂದಿರು, ಆಟೋ ಓಡಿಸುವ ತಂದೆಯಂದಿರು ಅರ್ಥವಾಗದ ಹಾಳೆಗೆ ಸಹಿ ಹಾಕಿ ಒಪ್ಪಿಗೆ ಪತ್ರ ಕೊಟ್ಟ ಮೇಲೆ ಕನ್ನಡದ ಪ್ರತಿ ಬಂತು. ಒಪ್ಪಿಗೆ ಎಂಬುದಕ್ಕೆ ಬೆಲೆಯಿರಬೇಕಾದರೆ ಯಾವುದಕ್ಕೆ ಒಪ್ಪುತ್ತಿದ್ದೇವೆಂದು ಓದಿ ತಿಳಿಯುವಂತಿರಬೇಕಲ್ಲವೇ?

ಕೈತೊಳೆಯುವ ನೀರು, ಉಷ್ಣತೆ ತಪಾಸಣೆ, ಎರಡೂ ಡೋಸ್ ಲಸಿಕೆ ಪಡೆದ ಸಿಬ್ಬಂದಿ ಇವೆಲ್ಲ ಸರಿಯಾಗಿವೆ. ಕಿಟಕಿಗಳನ್ನು ಸದಾ ತೆರೆದಿಡುವ ನಿಯಮ ಮಾತ್ರ ಈ ನವೆಂಬರ್ ಮಳೆಗೆ ನಿಲ್ಲಲಿಲ್ಲ. ಶುಲ್ಕದ ವಿಷಯದಲ್ಲಿ ಶಾಲೆ ನೇರವಾಗಿದೆ: ಜನವರಿಯಲ್ಲಿ ಸರ್ಕಾರ ಬೋಧನಾ ಶುಲ್ಕದ ಶೇಕಡ 70ರಷ್ಟನ್ನು ಮಾತ್ರ ಪಡೆಯಬೇಕೆಂದು ಆದೇಶಿಸಿತ್ತು, ಸೆಪ್ಟೆಂಬರ್‌ನಲ್ಲಿ ಹೈಕೋರ್ಟ್ ಆ ಶೇಕಡ 30ರ ಕಡಿತವನ್ನು ಶೇಕಡ 15ಕ್ಕೆ ಇಳಿಸಿತು, ಇದರಂತೆ ಕಳೆದ ಸಾಲಿನ ಶುಲ್ಕವನ್ನು ಲೆಕ್ಕಹಾಕಿ, ಯಾವುದನ್ನು ಎಷ್ಟು ಕಡಿಮೆ ಮಾಡಲಾಗಿದೆ ಎಂಬುದನ್ನು ರಸೀದಿಯಲ್ಲೇ ಬಿಡಿಸಿ ತೋರಿಸಿದ್ದಾರೆ. ವಾಹನದ ಸಮಸ್ಯೆ ಹಾಗೆಯೇ ಇದೆ. ನಮ್ಮ ರಸ್ತೆಯ ಮಕ್ಕಳನ್ನು ಕರೆದೊಯ್ಯುತ್ತಿದ್ದ ವ್ಯಾನಿನವರು ಲಾಕ್‌ಡೌನ್ ಕಾಲದಲ್ಲಿ ತರಕಾರಿ ಸಾಗಾಟಕ್ಕೆ ಇಳಿದವರು ಮರಳಿ ಬಂದಿಲ್ಲ, ಶಾಲೆಯು ಇದು ಪೋಷಕರ ಜವಾಬ್ದಾರಿ ಎಂದು ಕೈಬಿಟ್ಟಿದೆ.

ಚಿಕ್ಕ ಮಕ್ಕಳಿರುವ, ಶಾಲೆಗೆ ನಡೆದು ಹೋಗಬಹುದಾದಷ್ಟು ಹತ್ತಿರದ ಮನೆಗಳವರಿಗೆ ಈ ಶಾಲೆಯನ್ನು ನಾನು ಸಂಕೋಚವಿಲ್ಲದೆ ಸೂಚಿಸುತ್ತೇನೆ. ಮಗುವನ್ನು ಇನ್ನೂ ಕೆಲವು ತಿಂಗಳು ಮನೆಯಲ್ಲೇ ಇರಿಸಬೇಕಾದವರು ಮಾತ್ರ ದಾಖಲಾತಿಗೆ ಮುನ್ನ ಒಂದು ದಿನದ ನೇರ ಪ್ರಸಾರವನ್ನು ತೋರಿಸುವಂತೆ ಕೇಳಬೇಕು. ಸಂಜೆ ನಾಲ್ಕರ ನಂತರ ಮನೆಯಲ್ಲಿರುವ ಮಕ್ಕಳಿಗಾಗಿಯೇ ಅರ್ಧ ಗಂಟೆಯ ಪ್ರತ್ಯೇಕ ತರಗತಿ ನಡೆಸಿ, ಅದಕ್ಕೆ ಬೇರೆ ಶಿಕ್ಷಕಿಯನ್ನು ನೇಮಿಸಿ ಎಂದು ನಾವು ಕೆಲವು ಪೋಷಕರು ಸಹಿ ಹಾಕಿ ಮನವಿ ಕೊಟ್ಟಿದ್ದೇವೆ. ಡಿಸೆಂಬರ್ ಸಭೆಯಲ್ಲಿ ತೀರ್ಮಾನ ತಿಳಿಸುವುದಾಗಿ ಆಡಳಿತ ಮಂಡಳಿ ಹೇಳಿದೆ.