ಎಂಜಿಬಿಗೆ ಟ್ಯಾಕ್ಸಿಯ ಟೈರು: ತಂತಿ ಚಕ್ರಗಳ ಜೊತೆ ನಾಲ್ಕು ಮಳೆಗಾಲ

ಹೆಜಮಾಡಿ ಟೋಲ್ ದಾಟಿ ಹೆಚ್ಚು ದೂರ ಬಂದಿರಲಿಲ್ಲ, ಹಿಂದಿನ ಬಲಚಕ್ರದ ಗಾಳಿ ಹೋಯಿತು. ಪಂಕ್ಚರ್ ಅಂಗಡಿಯ ಹುಡುಗ ಟೈರಿಗೆ ಸೋಪಿನ ನೀರು ಸುರಿದು ಮೊಳೆ ಹುಡುಕಿದ. ಮೊಳೆ ಇರಲಿಲ್ಲ. ಒಳಗೆ ಟ್ಯೂಬ್ ಇದೆ ಎಂದೆ. "ಕಾರಿಗೆ ಟ್ಯೂಬಾ?" ಎಂದು ಅವನು ನನ್ನ ಬಿಳಿ ಕೂದಲನ್ನೂ ಕಾರನ್ನೂ ಒಟ್ಟಿಗೆ ಅಳೆದ. ನಾಲ್ಕು ವರ್ಷ ಸುಮ್ಮನಿದ್ದವನು ಇವತ್ತು ಬರೆಯಲು ಕುಳಿತದ್ದು ಆ ಟ್ಯೂಬಿನ ಸಿಟ್ಟಿಗೆ.

ಕಾರು 1972ರ ಎಂಜಿಬಿ, ವಿಲಾಯತಿಯ ಸ್ಪೋರ್ಟ್ಸ್ ಕಾರು, ಮಾವನಿಂದ ಬಂದದ್ದು. ಅದರ ಹಬ್‌ಗಳಿಗೆ, ಅಂದರೆ ಚಕ್ರ ಕೂರುವ ನಡುಗುಂಬಗಳಿಗೆ, ಸುತ್ತಲೂ ಹಲ್ಲು ಕೊರೆದಿದೆ. ಚಕ್ರವನ್ನು ಅದರ ಮೇಲೆ ತೂರಿಸಿ, ನಡುವೆ ಕಿವಿಗಳಿರುವ ಒಂದೇ ಒಂದು ನಟ್ಟನ್ನು ಸುತ್ತಿಗೆಯಿಂದ ಹೊಡೆದು ಬಿಗಿಯಬೇಕು. ಬೋಲ್ಟ್ ಹಾಕುವ ಚಕ್ರ ಬೇಕೆಂದರೆ ಹಬ್‌ಗಳನ್ನೇ ಬದಲಿಸಬೇಕು. ಹಾಗೆ ಬದಲಿಸಿದರೂ ಎಂಜಿಬಿಯ ನಾಲ್ಕು ಬೋಲ್ಟುಗಳ ವೃತ್ತ 114.3 ಮಿಲಿಮೀಟರ್, ಇಲ್ಲಿನ ಅಂಗಡಿಗಳಲ್ಲಿ ತೂಗಾಡುವ ಸ್ವಿಫ್ಟ್ ಅಲಾಯ್‌ಗಳದ್ದು 100. ಕಣ್ಣಿಗೆ ಒಂದೇ, ಕೂರುವುದಿಲ್ಲ. ಹಾಗಾಗಿ 14 ಇಂಚಿನ, 60 ಕಡ್ಡಿಗಳ ಹೊಸ ತಂತಿ ಚಕ್ರಗಳನ್ನೇ ತರಿಸಿದೆ. ಕ್ರೋಮ್ ಕೈಗೆಟುಕಲಿಲ್ಲ, ಬೆಳ್ಳಿ ಬಣ್ಣದವು ಸಾಕೆಂದೆ.

ಟೈರಿನಲ್ಲಿ ಮೊದಲು ಮೋಸಹೋದದ್ದು ನನ್ನ ಕಣ್ಣಿನಿಂದಲೇ. ದಪ್ಪಗೆ ಕಾಣಲಿ ಎಂದು 185/60 ಹಾಕಿಸಿದೆ: 185 ಮಿಲಿಮೀಟರ್ ಅಗಲ, ಪಕ್ಕದ ಗೋಡೆಯ ಎತ್ತರ ಅದರ ಶೇಕಡಾ 60. ಹಿಂದಿನ ಎಡಚಕ್ರ ಇಬ್ಬರು ಕೂತರೆ ಬಾಡಿಯನ್ನು ಉಜ್ಜುತ್ತಿತ್ತು. ಸ್ಪೀಡೋಮೀಟರ್ ನಿಜಕ್ಕಿಂತ ಹೆಚ್ಚು ವೇಗ ತೋರಿಸುತ್ತಿತ್ತು. ನಮ್ಮ ಓಣಿಯ ಹಂಪಿನ ಮೇಲೆ ಸೈಲೆನ್ಸರ್ ಗೀರಿದ ಸದ್ದಿಗೆ ಪಕ್ಕದ ಮನೆಯ ನಾಯಿ ಎದ್ದು ಬೊಗಳುತ್ತಿತ್ತು. ಎರಡೇ ತಿಂಗಳು. ಅರ್ಧ ಬೆಲೆಗೆ ಕೊಟ್ಟು ಕೈತೊಳೆದುಕೊಂಡೆ.

ಆಮೇಲೆ ಕಾಗದ, ಪೆನ್ಸಿಲ್ ಹಿಡಿದೆ. ಹಳೆಯ 155 ಆರ್ 14 ಟೈರಿನ ಎತ್ತರ ಸುಮಾರು 610 ಮಿಲಿಮೀಟರ್. 185/60ರದ್ದು 578. 165/80 ಆರ್ 14ರದ್ದು 620. ಈ ಕೊನೆಯದನ್ನು ಎಲ್ಲೋ ನೋಡಿದ ನೆನಪು. ರೈಲ್ವೆ ಸ್ಟೇಷನ್ನಿನ ಎದುರು ನಿಂತಿದ್ದ ಡಿಸೈರ್ ಟ್ಯಾಕ್ಸಿಯ ಬಳಿ ಬಗ್ಗಿ ನೋಡಿದೆ, ಅದೇ! ವಿಲಾಯತಿ ಸ್ಪೋರ್ಟ್ಸ್ ಕಾರಿನ ಅಳತೆ ಬಾಡಿಗೆ ಕಾರಿನ ಕಾಲಲ್ಲಿ. ನಾಲ್ಕು ಟೈರುಗಳು 20,000 ರೂಪಾಯಿಯೊಳಗೆ ಮುಗಿದವು. ಅಂಗಡಿಯವನು ಮೊದಲು ತಂದಿಟ್ಟವು ಮೂರು ವರ್ಷ ಹಳೆಯವು. ಬದಿಯ ನಾಲ್ಕು ಅಂಕಿಗಳಲ್ಲಿ ಮೊದಲೆರಡು ವಾರ, ಉಳಿದೆರಡು ವರ್ಷ ಎಂದು ಗೊತ್ತಿದ್ದುದರಿಂದ ವಾಪಸು ಕಳಿಸಿದೆ. ಭಾನುವಾರಕ್ಕೊಮ್ಮೆ ಓಡುವ ಕಾರಿನಲ್ಲಿ ಟೈರು ಸವೆದು ಸಾಯುವುದಿಲ್ಲ, ರಬ್ಬರು ಗಟ್ಟಿಯಾಗಿ ಸಾಯುತ್ತದೆ.

ಈ ಟೈರುಗಳಲ್ಲಿ ಸ್ಟೀರಿಂಗ್ ಹಗುರವಾಯಿತು. ತಿರುವಿನಲ್ಲಿ ಕಾರು ಮೊದಲೇ ಹೇಳಿ ಜಾರುತ್ತದೆ, ಅಗಲ ಟೈರಿನ ಹಾಗೆ ಥಟ್ಟನೆ ಕೈಕೊಡುವುದಿಲ್ಲ. ಗಾಳಿ ಹಾಕುವವರು ಮಾತ್ರ ಕೇಳದೆ 33 ಪಿಎಸ್‌ಐ ತುಂಬುತ್ತಾರೆ. ಕೈಪಿಡಿಯಲ್ಲಿರುವುದು ಮುಂದೆ 21, ಹಿಂದೆ 24. ನಾನು ಎರಡೆರಡು ಹೆಚ್ಚು ಇಡುತ್ತೇನೆ.

ಇನ್ನು ನನ್ನ ಶನಿವಾರದ ಸಂಜೆ. ಚಹಾ ಲೋಟ ಗೇಟಿನ ಕಂಬದ ಮೇಲಿಟ್ಟು, ಸಣ್ಣ ಸ್ಪಾನರಿನಿಂದ ಕಡ್ಡಿಗಳನ್ನು ಒಂದೊಂದಾಗಿ ತಟ್ಟುತ್ತಾ ಹೋಗುತ್ತೇನೆ. ಒಟ್ಟು 240. ಹಲಸಿನಕಾಯಿ ತಟ್ಟಿ ನೋಡುವವರಿಗೆ ಇದನ್ನು ವಿವರಿಸಬೇಕಿಲ್ಲ: ಬಿಗಿ ಇದ್ದದ್ದು ಟಿಣ್ ಎನ್ನುತ್ತದೆ, ಸಡಿಲಾದದ್ದು ಮಂಕಾಗಿ ಟಪ್ ಎನ್ನುತ್ತದೆ. ಟಪ್ ಎಂದದ್ದಕ್ಕೆ ಸೀಮೆಸುಣ್ಣದ ಗುರುತು. ಮೊಮ್ಮಗಳು ಈಗ ನನಗಿಂತ ಚೆನ್ನಾಗಿ ಹಿಡಿಯುತ್ತಾಳೆ.

ಸುಖ ಇಷ್ಟೇ. ಕಡ್ಡಿಗಳ ತುದಿ ರಿಮ್ಮನ್ನು ತೂರಿ ಒಳಗೆ ಬರುವುದರಿಂದ ಗಾಳಿ ನಿಲ್ಲದು, ಟ್ಯೂಬ್ ಬೇಕೇ ಬೇಕು. ಕಡ್ಡಿಗಳ ತುದಿಗೂ ಟ್ಯೂಬಿಗೂ ನಡುವೆ ರಬ್ಬರ್ ಪಟ್ಟಿ. ಆ ಪಟ್ಟಿ ಒಂದು ಬೆರಳಗಲ ಸರಿದರೆ ಹೆಜಮಾಡಿ. ಇಂದಿನ ಟ್ಯೂಬ್‌ಲೆಸ್ ಟೈರಿನ ಒಳಮೈಯ ಏಣುಗಳೂ ಟ್ಯೂಬನ್ನು ತಿನ್ನುತ್ತವೆ, ಹಾಗಾಗಿ ಮಗುವಿಗೆ ಬಳಿದಂತೆ ಪೌಡರ್ ಬಳಿಯುತ್ತೇನೆ. ಸೀಲಂಟ್ ಹಚ್ಚಿ ಟ್ಯೂಬ್ ಕಿತ್ತುಹಾಕಿ ಎಂದವರಿದ್ದಾರೆ. ನನ್ನ ರಿಮ್ಮಿನಲ್ಲಿ ಟೈರಿನ ಅಂಚನ್ನು ಹಿಡಿದಿಡುವ ಉಬ್ಬಿಲ್ಲ, ಧೈರ್ಯವಾಗಲಿಲ್ಲ. ಮೇಲಿಂದ ಕಡಲ ಗಾಳಿ: ಎರಡನೆಯ ಮಳೆಗಾಲಕ್ಕೇ ಕಡ್ಡಿಗಳ ಬುಡದಲ್ಲಿ ಕೆಂಪು ಇಣುಕಿತು. ಈಗ ಆಟಿ, ನಮ್ಮ ತುಳುನಾಡಿನ ಮಳೆಯ ತಿಂಗಳು, ಮುಗಿಯುವವರೆಗೆ ಕಾರು ಶೆಡ್ಡಿನಲ್ಲೇ.

ಟೈರಿಗೆ ಐದಕ್ಕೆ ಐದು. ಚಕ್ರಕ್ಕೆ ಜುಲೈಯಲ್ಲಿ ಕೇಳಿದರೆ ಎರಡು, ಡಿಸೆಂಬರಿನಲ್ಲಿ ಕೇಳಿದರೆ ನಾಲ್ಕು. ದಿನವೂ ಓಡಿಸುವವರು ಹಬ್ ಬದಲಿಸಿ ಉಕ್ಕಿನ ಚಕ್ರ ಹಾಕಿಕೊಳ್ಳಲಿ.

ಅಂದಹಾಗೆ, ಆ ದಿನ ಸ್ಟೆಪ್ನಿ ಡಿಕ್ಕಿಯಲ್ಲೇ ಇತ್ತು. ನಟ್ಟು ಬಿಚ್ಚುವ ತಾಮ್ರದ ಸುತ್ತಿಗೆ ಮನೆಯಲ್ಲಿ ಉಳಿದಿತ್ತು. ಹುಡುಗ ಕಬ್ಬಿಣದ್ದನ್ನು ಎತ್ತಿದಾಗ ನನ್ನ ಜೀವ ಬಾಯಿಗೆ ಬಂತು. ನಡುವೆ ಮರದ ತುಂಡು ಹಿಡಿದು ಹೊಡೆಸಿದೆ. ಸುತ್ತಿಗೆಗೆ ಈಗ ಸೀಟಿನ ಹಿಂದೆ, ಹಳೆಯ ಬನಿಯನ್ನಿನೊಳಗೆ ಕಾಯಂ ಜಾಗ.