ಉಡುಪಿ ಆಕಾಶಕ್ಕೆ ಯಾವ ಸ್ಟಾರ್ ಟ್ರ್ಯಾಕರ್?

ಸ್ಟಾರ್ ಟ್ರ್ಯಾಕರ್ ಎಂದರೆ ನಕ್ಷತ್ರ ಗೆರೆಯಾಗದಂತೆ, ಆಕಾಶ ಸರಿಯುವ ವೇಗಕ್ಕೇ ಕ್ಯಾಮೆರಾವನ್ನು ತಿರುಗಿಸುವ ಸಾಧನ. ಅದರ ಅಕ್ಷವನ್ನು ಧ್ರುವ ನಕ್ಷತ್ರದ ಕಡೆ ಹೊಂದಿಸಬೇಕು. ಯೂಟ್ಯೂಬ್‌ನಲ್ಲಿ ಟ್ರ್ಯಾಕರ್ ತೋರಿಸುವವರೆಲ್ಲ ಧ್ರುವ ನಕ್ಷತ್ರಕ್ಕಾಗಿ ಕತ್ತೆತ್ತಿ ಮೇಲೆ ನೋಡುತ್ತಾರೆ. ನಮ್ಮ ಉಡುಪಿಯಲ್ಲಿ ಅದು ದಿಗಂತದಿಂದ ಬರೀ 13 ಡಿಗ್ರಿ ಮೇಲೆ. ಅಷ್ಟು ಕೆಳಗೆ ತೆಂಗಿನ ಮರ ಅಡ್ಡ ಬರುತ್ತದೆ, ಇಲ್ಲವೇ ಕಡಲ ಮಬ್ಬು. ಹಾಗಾಗಿ ಅವರು ಹೇಳಿದ್ದನ್ನೆಲ್ಲ ಇಲ್ಲಿ ಮತ್ತೆ ಪರೀಕ್ಷಿಸಲೇಬೇಕು. ನಾನು ಕ್ರಾಪ್ ಸೆನ್ಸರ್ (ಫುಲ್ ಫ್ರೇಮ್‌ಗಿಂತ ಚಿಕ್ಕ ಸೆನ್ಸರ್) ಕ್ಯಾಮೆರಾಕ್ಕೆ 24 ಎಂಎಂ ಲೆನ್ಸ್ ಹಾಕಿ, ಕಾಪು ಮತ್ತು ಮರವಂತೆ ಕಡೆ ನಾಲ್ಕು ದಾರಿ ಪ್ರಯತ್ನಿಸಿದೆ.

ಮೊದಲನೆಯದು ಬರೀ ಟ್ರೈಪಾಡ್. 500ರ ನಿಯಮದ (500ನ್ನು ಲೆನ್ಸ್‌ನ ಎಂಎಂನಿಂದ ಭಾಗಿಸುವುದು; ಕ್ರಾಪ್ ಸೆನ್ಸರ್‌ಗೆ ಆ ಎಂಎಂ ಒಂದೂವರೆ ಪಟ್ಟು) ಪ್ರಕಾರ 14 ಸೆಕೆಂಡ್ ದಾಟಿದರೆ ನಕ್ಷತ್ರ ಗೆರೆಯಾಗುತ್ತದೆ. ಆದರೆ ಒಂದಷ್ಟು ಫೋಟೊ ತೆಗೆದು ಸೀಕ್ವೇಟರ್‌ನಲ್ಲಿ ಸ್ಟ್ಯಾಕ್ ಮಾಡಿ (ಒಂದರ ಮೇಲೊಂದು ಸೇರಿಸಿ) ನೋಡಿ, ನಾಯ್ಸ್, ಅಂದರೆ ಚಿತ್ರದಲ್ಲಿನ ಮರಳು ಮರಳು ಚುಕ್ಕೆ, ಎಷ್ಟೋ ಇಳಿಯುತ್ತದೆ. ಸಾಫ್ಟ್‌ವೇರ್ ಉಚಿತ. ಇದನ್ನು ಮಾಡಿ ನೋಡದೆ ಟ್ರ್ಯಾಕರ್‌ಗೆ ದುಡ್ಡು ಹಾಕಬೇಡಿ.

ಎರಡನೆಯದು ಮನೆಯಲ್ಲೇ ಮಾಡಿದ್ದು. ಎರಡು ಪ್ಲೈವುಡ್ ಹಲಗೆ, ಮಧ್ಯೆ ಬಿಜಾಗರಿ, ಒಂದು ಎಂ6 ಬೋಲ್ಟ್. ಈ ಬೋಲ್ಟ್ ಒಂದು ಸುತ್ತಿಗೆ 1 ಎಂಎಂ ಮೇಲೇರುತ್ತದೆ. ಬಿಜಾಗರಿಯಿಂದ 228.5 ಎಂಎಂ ದೂರದಲ್ಲಿ ಕೂರಿಸಿ ನಿಮಿಷಕ್ಕೆ ಒಂದು ಸುತ್ತು ಕೊಟ್ಟರೆ, ಕ್ಯಾಮೆರಾ ಹೊತ್ತ ಮೇಲಿನ ಹಲಗೆ ಭೂಮಿ ತಿರುಗುವ ವೇಗಕ್ಕೇ ತೆರೆಯುತ್ತದೆ. 15 ಸೆಕೆಂಡಿಗೊಮ್ಮೆ ಕಾಲು ಸುತ್ತು ಕೊಟ್ಟರಾಯಿತು ಎನ್ನುವವರಿದ್ದಾರೆ. ಹಾಗೆ ಮಾಡಿದರೆ ನಕ್ಷತ್ರ ಉದ್ದವಾಗುತ್ತದೆ. ಬೋಲ್ಟ್ ತಲೆಗೆ ಹಳೆ ಸಿಡಿ ಅಂಟಿಸಿ, ಗುರುತು ಹಾಕಿ, ಸೆಕೆಂಡ್ ಮುಳ್ಳಿನ ಜೊತೆಜೊತೆಗೇ ತಿರುಗಿಸಬೇಕು. ಕಲಿಯಲಿಕ್ಕೆ ಇದಕ್ಕಿಂತ ಒಳ್ಳೆಯದಿಲ್ಲ. ಆದರೆ ರಾತ್ರಿಯಿಡೀ ತಿರುಗಿಸುವ ತಾಳ್ಮೆ ಯಾರಿಗಿದೆ?

ನಿಜವಾದ ಪೈಪೋಟಿ ಉಳಿದೆರಡರ ನಡುವೆ. ಒಂದು, ಹಸಿರು ಲೇಸರ್ ಇಟ್ಟು ಹೊಂದಿಸುವ ಅಂಗೈಯಗಲದ ಟ್ರ್ಯಾಕರ್. ಇನ್ನೊಂದು, ಗೆಳೆಯರೊಬ್ಬರಿಂದ ಎರವಲು ತಂದ ಸ್ಕೈ-ವಾಚರ್ ಸ್ಟಾರ್ ಅಡ್ವೆಂಚರರ್ 2ಐ. ಇದಕ್ಕೆ ಪೋಲಾರ್ ಸ್ಕೋಪ್ (ಧ್ರುವಕ್ಕೆ ಹೊಂದಿಸಲು ನೋಡುವ ಪುಟ್ಟ ದುರ್ಬೀನು) ಒಳಗೇ ಇದೆ, 5 ಕಿಲೋ ಹೊರುತ್ತದೆ, ನಾಲ್ಕು ಡಬಲ್ ಎ ಸೆಲ್ ಸಾಕು.

ಕಾಗದದ ಮೇಲೆ ದೊಡ್ಡದೇ ಗೆಲ್ಲಬೇಕು. 24 ಎಂಎಂಗೆ ಮಾತ್ರ ಆ ನಿಖರತೆ ಸುಮ್ನೆ ವ್ಯರ್ಥ. ಧ್ರುವ ನಕ್ಷತ್ರ ನಿಜವಾದ ಧ್ರುವದಿಂದ ಮುಕ್ಕಾಲು ಡಿಗ್ರಿಗಿಂತ ಸ್ವಲ್ಪ ಕಡಿಮೆ ದೂರದಲ್ಲಿದೆ. ಲೇಸರನ್ನು ನೇರ ಅದರ ಮೇಲೇ ಇಟ್ಟರೂ, 24 ಮೆಗಾಪಿಕ್ಸೆಲ್ ಸೆನ್ಸರ್‌ನಲ್ಲಿ ಎರಡು ನಿಮಿಷಕ್ಕೆ ಒಂದು ಪಿಕ್ಸೆಲ್‌ನಷ್ಟೂ ಸರಿಯುವುದಿಲ್ಲ. ಮಬ್ಬಿನಲ್ಲಿ ಅದು ಕಾಣದ ದಿನ ಫೋನಿನ ದಿಕ್ಸೂಚಿಯೇ ಗತಿ. ನಮ್ಮ ಕಡೆ ಅದರ ಉತ್ತರಕ್ಕೂ ನಿಜವಾದ ಉತ್ತರಕ್ಕೂ ಒಂದೆರಡು ಡಿಗ್ರಿ ವ್ಯತ್ಯಾಸ ಅಷ್ಟೇ. ಒಂದು ನಿಮಿಷದ ಎಕ್ಸ್‌ಪೋಷರ್‌ಗೆ ಅದೂ ನಡೆಯುತ್ತದೆ. ಲೇಸರ್‌ನಲ್ಲಿ ಒಂದು ಎಚ್ಚರ ಬೇಕು: ಬಜ್ಪೆಗೆ ಹೋಗಿಬರುವ ವಿಮಾನದ ದೀಪ ಕಂಡರೆ ತಕ್ಷಣ ಆರಿಸಿ.

ನಮ್ಮಲ್ಲಿ ಜಾಸ್ತಿ ಕಾಡುವುದು ಬೇರೆಯೇ. ಟ್ರ್ಯಾಕರ್‌ನ ಅಕ್ಷ 13 ಡಿಗ್ರಿಯಲ್ಲಿ ಹೆಚ್ಚುಕಡಿಮೆ ಮಲಗಿಯೇ ಇರುತ್ತದೆ. ಅದರ ತುದಿಗೆ ಹಾಕಿದ ಬಾಲ್ ಹೆಡ್ (ಕ್ಯಾಮೆರಾವನ್ನು ಯಾವ ಕಡೆಗಾದರೂ ತಿರುಗಿಸಿ ಬಿಗಿಯುವ ಗುಂಡು ಕೀಲು) ಉತ್ತರದ ಕಡೆಗೆ ಅಡ್ಡಡ್ಡ ಚಾಚಿಕೊಳ್ಳುತ್ತದೆ, ಕ್ಯಾಮೆರಾದ ಭಾರವೆಲ್ಲ ಆ ಕಡೆ. ಬಾಲ್ ಹೆಡ್ ಸಡಿಲವಿದ್ದರೆ ಶಟರ್ ತೆರೆದಿರುವಾಗಲೇ ಮೆಲ್ಲ ಜಾರುತ್ತದೆ. ಟ್ರೈಪಾಡ್‌ನ ಒಂದು ಕಾಲನ್ನು ಉತ್ತರಕ್ಕೇ ಇಡಿ, ಮರಳಲ್ಲಿ ಚೆನ್ನಾಗಿ ಒತ್ತಿ. ಈ ವಿಷಯದಲ್ಲಿ ಸ್ಟಾರ್ ಅಡ್ವೆಂಚರರ್ ಮೇಲು. ಅದರ ವೆಜ್ (ಟ್ರ್ಯಾಕರನ್ನು ಬೇಕಾದ ಕೋನಕ್ಕೆ ಓರೆಯಾಗಿ ಹಿಡಿಯುವ ತಳ) ಗಟ್ಟಿ, ತಿರುಪು ತಿರುಗಿಸಿ ಕೂದಲೆಳೆಯಷ್ಟು ಸರಿಸಬಹುದು. ಚಿಕ್ಕದನ್ನು ಮಾಮೂಲಿ ಟ್ರೈಪಾಡ್ ತಲೆ ಮೇಲೆ ಹಾಗೆ ಸರಿಸಲು ಹೋದರೆ ಸಿಟ್ಟೇ ಬರುತ್ತದೆ.

135 ಎಂಎಂ ಹಾಕಿ ಕೃತ್ತಿಕೆಯನ್ನೋ ಮಹಾವ್ಯಾಧನ ನೀಹಾರಿಕೆಯನ್ನೋ ತೆಗೆಯುವ ಆಸೆ ಇದ್ದರೆ ಲೆಕ್ಕ ತಿರುಗಿತು. ಲೇಸರ್‌ನ ಅದೇ ತಪ್ಪು ಅಲ್ಲಿ ಮೂರು ಪಿಕ್ಸೆಲ್ ಆಗುತ್ತದೆ, ಕಣ್ಣಿಗೆ ರಾಚುತ್ತದೆ. ಆಗ ಪೋಲಾರ್ ಸ್ಕೋಪ್ ಬೇಕೇ ಬೇಕು. ನಮ್ಮ ಅಕ್ಷಾಂಶದಲ್ಲಿ ಅದು ಮಲಗಿರುವುದರಿಂದ ಕತ್ತು ನೋವಿಲ್ಲದೆ ನೋಡಬಹುದು, ಅದೊಂದು ಲಾಭ.

ಕಾಪು ಬಂಡೆ, ದೀಪಸ್ತಂಭ ಕೂಡ ಚೌಕಟ್ಟಿಗೆ ಬೇಕೆಂದರೆ ಯಾವ ಟ್ರ್ಯಾಕರ್‌ನಲ್ಲೂ ಅವು ಕದಡುತ್ತವೆ, ಆಕಾಶದ ಜೊತೆ ಕ್ಯಾಮೆರಾ ತಿರುಗುತ್ತದಲ್ವಾ. ಟ್ರ್ಯಾಕರ್ ನಿಲ್ಲಿಸಿ ನೆಲಕ್ಕೆ ಬೇರೆ ಫೋಟೊ ತೆಗೆದು ಸೇರಿಸುವುದೇ ಸರಿ. ಸ್ಟಾರ್ ಅಡ್ವೆಂಚರರ್‌ನಲ್ಲಿ ಅರ್ಧ ವೇಗದ ಆಯ್ಕೆಯೂ ಇದೆ, ನನಗೆ ಅದು ಎರಡೂ ಕಡೆ ಸಲ್ಲದ ರಾಜಿ ಅನ್ನಿಸಿತು.

ನಾನು ಕೊಂಡದ್ದು ಚಿಕ್ಕದನ್ನೇ. ಉಳಿದ ದುಡ್ಡಲ್ಲಿ ಒಳ್ಳೆ ಬಾಲ್ ಹೆಡ್ ಮತ್ತು ಲೆನ್ಸ್‌ಗೆ ಸುತ್ತುವ ಹೀಟರ್ ಪಟ್ಟಿ ಬಂತು. ಕಡಲ ತೇವಕ್ಕೆ ನಡುರಾತ್ರಿಯೊಳಗೆ ಗಾಜಿನ ಮೇಲೆ ಹನಿ ಕೂರುತ್ತದೆ, ಪಟ್ಟಿ ಇಲ್ಲದಿದ್ದರೆ ಯಾವ ಟ್ರ್ಯಾಕರ್ ಇದ್ದೂ ಪ್ರಯೋಜನವಿಲ್ಲ. ಯಾವುದನ್ನೇ ಕೊಳ್ಳಿ, ಜೂನ್‌ನಲ್ಲಿ ಮಾತ್ರ ಬೇಡ. ಮಳೆ ಮುಗಿಯುವ ತನಕ ಪೆಟ್ಟಿಗೆ ತೆರೆಯುವ ಕೆಲಸವೇ ಇರುವುದಿಲ್ಲ.