ಒಂದೇ ಪೇಪರ್, ಐದು ಕಡೆ ಐದು ಲೆಕ್ಕ

ಮಕ್ಕಳು ಓದಲು ಕಲಿಯುವ ಬಗೆ ನನ್ನ ಸಂಶೋಧನೆಯ ವಿಷಯ. ಈ ಕ್ಷೇತ್ರದಲ್ಲಿ ಎಲ್ಲರೂ ಹೆಸರಿಸುವ ಹಳೆಯ ಸಂಶೋಧನಾ ಪೇಪರ್ ಒಂದಿದೆ. ಅದನ್ನು ಆಮೇಲೆ ಯಾರ್ಯಾರು ಉಲ್ಲೇಖಿಸಿದ್ದಾರೆ ಎಂದು ನನಗೆ ತಿಳಿಯಬೇಕಿತ್ತು. ಗೂಗಲ್ ಸ್ಕಾಲರ್, ಸ್ಕೋಪಸ್, ವೆಬ್ ಆಫ್ ಸೈನ್ಸ್, ಓಪನ್‌ಅಲೆಕ್ಸ್, ಸೆಮ್ಯಾಂಟಿಕ್ ಸ್ಕಾಲರ್, ಸಂಶೋಧನಾ ಬರಹಗಳನ್ನೂ ಅವುಗಳ ಉಲ್ಲೇಖಗಳನ್ನೂ ಹುಡುಕಿಕೊಡುವ ಈ ಐದು ಡೇಟಾಬೇಸ್‌ಗಳಲ್ಲೂ ಹುಡುಕಿದೆ. ಐದು ಕಡೆಯೂ ಬೇರೆ ಬೇರೆ ಸಂಖ್ಯೆ ಬಂತು. ಯಾವುದು ಸರಿ ಅಂತ ಮೊದಲು ತಲೆ ಕೆಡಿಸಿಕೊಂಡೆ. ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟು ಸಾಲು ಸಾಲಾಗಿ ನೋಡಿದ ಮೇಲೆ ಅರ್ಥವಾಯಿತು. ಐದೂ ಎಣಿಸುತ್ತಿದ್ದದ್ದು ಒಂದೇ ರಾಶಿಯನ್ನಲ್ಲ.

ಗೂಗಲ್ ಸ್ಕಾಲರ್‌ನ ಸಂಖ್ಯೆ ಎಲ್ಲಕ್ಕಿಂತ ದೊಡ್ಡದು. ಅದರ ಕೈಗೆ ಜರ್ನಲ್ ಲೇಖನಗಳಷ್ಟೇ ಅಲ್ಲ, ಪಿಎಚ್‌ಡಿ ಪ್ರಬಂಧ, ಪುಸ್ತಕದ ಅಧ್ಯಾಯ, ಪ್ರಿಪ್ರಿಂಟ್ (ಜರ್ನಲ್‌ನಲ್ಲಿ ಪ್ರಕಟವಾಗುವ ಮೊದಲಿನ ಪ್ರತಿ), ವರದಿ ಎಲ್ಲವೂ ಸಿಗುತ್ತವೆ. 2021ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದು ಸುಮಾರು 30 ಲಕ್ಷ ಉಲ್ಲೇಖಗಳನ್ನು ತೆಗೆದುಕೊಂಡು ಇದನ್ನೇ ಪರೀಕ್ಷಿಸಿತು. ಎಲ್ಲ ಕಡೆ ಸೇರಿ ಸಿಕ್ಕ ಉಲ್ಲೇಖಗಳಲ್ಲಿ ಗೂಗಲ್ ಸ್ಕಾಲರ್‌ನಲ್ಲಿ ಶೇ. 88 ಇದ್ದವು. ಸ್ಕೋಪಸ್‌ನಲ್ಲಿ ಶೇ. 57, ವೆಬ್ ಆಫ್ ಸೈನ್ಸ್‌ನಲ್ಲಿ ಶೇ. 52. ನನಗೂ ಹಾಗೇ ಆಯಿತು. ಎರಡು ಲಿಪಿಗಳಲ್ಲಿ ಓದಲು ಕಲಿಯುವ ಮಕ್ಕಳ ಬಗ್ಗೆ ಬರೆದ ಒಂದು ಪಿಎಚ್‌ಡಿ ಪ್ರಬಂಧ ಸ್ಕಾಲರ್‌ನಲ್ಲಿ ಮಾತ್ರ ಸಿಕ್ಕಿತು. ಅದು ಸಿಗದೆ ಹೋಗಿದ್ದರೆ ನನ್ನ ಒಂದು ಅಧ್ಯಾಯದ ವಾದವೇ ಬೇರೆಯಾಗುತ್ತಿತ್ತು.

ಆದರೆ ಸ್ಕಾಲರ್ ಒಂದು ಹುಡುಕಾಟಕ್ಕೆ ಮೊದಲ 1,000 ಫಲಿತಾಂಶಗಳನ್ನಷ್ಟೇ ತೋರಿಸುತ್ತದೆ. ಮೇಲ್ಗಡೆ ಹತ್ತಾರು ಸಾವಿರ ಅಂತ ಬರೆದಿದ್ದರೂ ಅಷ್ಟೇ. ಸಾರಾಂಶದಲ್ಲಿ ಮಾತ್ರ ಈ ಪದ ಹುಡುಕು ಎಂದು ಹೇಳುವ ದಾರಿಯೂ ಇಲ್ಲ. ವ್ಯವಸ್ಥಿತ ವಿಮರ್ಶೆ, ಅಂದರೆ ಒಂದು ವಿಷಯದ ಎಲ್ಲ ಸಂಶೋಧನೆಯನ್ನೂ ಗೊತ್ತಾದ ಕ್ರಮದಲ್ಲಿ ಹುಡುಕಿ ಒಟ್ಟುಗೂಡಿಸುವ ಬರಹ, ಬರೆಯುವವರು "ಎಲ್ಲವನ್ನೂ ನೋಡಿದೆವು" ಎಂದು ತೋರಿಸಬೇಕು, ಅಲ್ವಾ? ಸ್ಕಾಲರ್ ಒಂದನ್ನೇ ನಂಬಿದರೆ ಅದನ್ನು ತೋರಿಸಲಾಗದು.

ಅಲ್ಲಿ ಸ್ಕೋಪಸ್ ಮತ್ತು ವೆಬ್ ಆಫ್ ಸೈನ್ಸ್ ಮುಂದಿವೆ. ಎರಡೂ ಜರ್ನಲ್‌ಗಳನ್ನು ಆರಿಸಿ ಸೇರಿಸುತ್ತವೆ. ಶೀರ್ಷಿಕೆ, ಸಾರಾಂಶ, ಲೇಖಕರ ಕೀಲಿಪದ, ಹೀಗೆ ಬೇಕಾದ ಕಡೆ ಮಾತ್ರ ಹುಡುಕಬಹುದು. ಎರಡು ಪದಗಳ ನಡುವೆ ಹೆಚ್ಚೆಂದರೆ ಎಷ್ಟು ಪದ ಇರಬಹುದು ಎಂದೂ ಹೇಳಬಹುದು. ಇದೇ ಸೂತ್ರವನ್ನು ಬರೆದಿಟ್ಟರೆ ಇನ್ನೊಬ್ಬರು ಅದೇ ಹುಡುಕಾಟವನ್ನು ಮತ್ತೆ ಮಾಡಿ ನೋಡಬಹುದು.

ಇವೆರಡರ ನಡುವೆ ಆರಿಸುವುದು ನನಗೆ ಕಷ್ಟವಾಯಿತು. ಸ್ಕೋಪಸ್ 2004ರಲ್ಲಿ ಶುರುವಾದದ್ದು. ನನ್ನ ವಿಷಯದ ಜರ್ನಲ್‌ಗಳು ಅದರಲ್ಲಿ ಜಾಸ್ತಿ ಇವೆ, ಫಿಲ್ಟರ್‌ಗಳೂ ಸಲೀಸು. ದಿನನಿತ್ಯದ ಹುಡುಕಾಟಕ್ಕೆ ನನ್ನ ಆಯ್ಕೆ ಅದೇ. ವೆಬ್ ಆಫ್ ಸೈನ್ಸ್‌ನ ಬೇರು ಹಳೆಯದು. ಒಂದು ಪೇಪರ್ ಆಮೇಲೆ ಎಲ್ಲೆಲ್ಲಿ ಉಲ್ಲೇಖವಾಯಿತು ಎಂದು ಹಿಡಿದು ಹೋಗುವ ಸೂಚಿ ಬೇಕು ಎಂದು ಅಮೆರಿಕದ ಮಾಹಿತಿವಿಜ್ಞಾನಿ ಯೂಜೀನ್ ಗಾರ್ಫೀಲ್ಡ್ 1955ರಲ್ಲೇ ಬರೆದಿದ್ದರು. ಅದರಿಂದ ಹುಟ್ಟಿದ್ದೇ ಇವತ್ತಿನ ವೆಬ್ ಆಫ್ ಸೈನ್ಸ್‌ನ ಮೂಲವಾದ ಸೈನ್ಸ್ ಸೈಟೇಶನ್ ಇಂಡೆಕ್ಸ್. ಆಗ ಅದು ಅಚ್ಚಾದ ದಪ್ಪ ಸಂಪುಟಗಳಲ್ಲಿ ಬರುತ್ತಿತ್ತು.

ಆ ಹಳೆಯ ಬಲ ಇವತ್ತಿಗೂ ಒಂದು ಕಡೆ ಕಾಣುತ್ತದೆ. ವೆಬ್ ಆಫ್ ಸೈನ್ಸ್‌ನಲ್ಲಿ ಉಲ್ಲೇಖಗಳ ಒಳಗೇ ಹುಡುಕುವ ಪ್ರತ್ಯೇಕ ಪುಟವಿದೆ. ಲೇಖಕರ ಹೆಸರು ಮತ್ತು ವರ್ಷ ಕೊಟ್ಟರೆ, ಜನ ಆ ಕೃತಿಯನ್ನು ಎಷ್ಟು ಬಗೆಯಲ್ಲಿ ಬರೆದಿದ್ದಾರೋ ಎಲ್ಲವನ್ನೂ ಸಾಲಾಗಿ ಕೊಡುತ್ತದೆ. ಪುಟಸಂಖ್ಯೆ ತಪ್ಪಾದದ್ದು, ವರ್ಷ ಬದಲಾದದ್ದು ಎಲ್ಲ ಅಲ್ಲಿ ಸಿಗುತ್ತವೆ. ಡೇಟಾಬೇಸ್‌ನಲ್ಲಿ ತಾನೇ ಸೇರಿಲ್ಲದ ಹಳೆಯ ಪುಸ್ತಕವನ್ನು ಯಾರು ಉಲ್ಲೇಖಿಸಿದ್ದಾರೆ ಎಂದೂ ತಿಳಿಯುತ್ತದೆ. ಪುಸ್ತಕಗಳನ್ನು ಆಧರಿಸಿ ಕೆಲಸ ಮಾಡುವವರು ಇದನ್ನು ದಯವಿಟ್ಟು ಒಮ್ಮೆ ಬಳಸಿ ನೋಡಿ. ಒಂದು ಎಚ್ಚರ: ನಿಮ್ಮ ಲೈಬ್ರರಿ ಎಷ್ಟು ಹಿಂದಿನ ವರ್ಷಗಳಿಗೆ ಚಂದಾ ಕಟ್ಟಿದೆಯೋ ಅಷ್ಟೇ ನಿಮಗೆ ಕಾಣುತ್ತದೆ. ಹಾಗಾಗಿ ಬೇರೆ ಸಂಸ್ಥೆಯಲ್ಲಿರುವ ಗೆಳೆಯರಿಗೆ ಅದೇ ಹುಡುಕಾಟಕ್ಕೆ ಬೇರೆ ಸಂಖ್ಯೆ ಬರಬಹುದು.

ಚಂದಾ ಇಲ್ಲದವರಿಗೆ ಓಪನ್‌ಅಲೆಕ್ಸ್ ದೊಡ್ಡ ಆಸರೆ. 2021ರ ಕೊನೆಗೆ ಇಂಥದೇ ಉಚಿತ ಹುಡುಕುತಾಣವಾಗಿದ್ದ ಮೈಕ್ರೋಸಾಫ್ಟ್ ಅಕಾಡೆಮಿಕ್ ಮುಚ್ಚಿದಾಗ ಅದರ ಜಾಗ ತುಂಬಲು 2022ರ ಜನವರಿಯಲ್ಲಿ ಇದು ಬಂತು. ಇದರ ಮಾಹಿತಿಯನ್ನು ಯಾರು ಬೇಕಾದರೂ ಇಳಿಸಿಕೊಂಡು ತಮ್ಮ ಲೆಕ್ಕ ತಾವೇ ಮಾಡಬಹುದು. ಪ್ರಕಾಶಕರು ಉಲ್ಲೇಖಪಟ್ಟಿಗಳನ್ನು ಮುಕ್ತವಾಗಿ ಕೊಡಬೇಕು ಎಂದು 2017ರಿಂದ ನಡೆದ ಒತ್ತಾಯದ ಫಲವೂ ಇದರಲ್ಲಿದೆ. ಜ್ಞಾನದ ನಕ್ಷೆ ದುಡ್ಡಿದ್ದವರಿಗೆ ಮಾತ್ರ ಸಿಗಬಾರದು ಎಂದು ನಂಬುವವಳು ನಾನು. ಅದಕ್ಕೇ ಇದರ ಮೇಲೆ ನನಗೆ ವಿಶೇಷ ಪ್ರೀತಿ.

ಸೆಮ್ಯಾಂಟಿಕ್ ಸ್ಕಾಲರ್ ಅನ್ನು ನಾನು ಎಣಿಸಲು ಬಳಸುವುದಿಲ್ಲ, ಓದುವ ಕ್ರಮ ಗೊತ್ತುಮಾಡಿಕೊಳ್ಳಲು ಬಳಸುತ್ತೇನೆ. ಒಂದು ಪೇಪರ್ ಯಾವ ವಾಕ್ಯದಲ್ಲಿ ಉಲ್ಲೇಖವಾಗಿದೆ ಎಂಬುದನ್ನು ಹಲವು ಸಲ ಅದು ತೋರಿಸುತ್ತದೆ. ಹಿನ್ನೆಲೆಗಾಗಿಯೋ, ವಿಧಾನಕ್ಕಾಗಿಯೋ, ಫಲಿತಾಂಶಕ್ಕಾಗಿಯೋ ಎಂದು ವಿಂಗಡಿಸುತ್ತದೆ. ಪೀಠಿಕೆಯಲ್ಲಿ ಸುಮ್ನೆ ಹೆಸರು ಹೇಳಿ ಹೋದವರನ್ನು ಬದಿಗಿಟ್ಟು, ಅದೇ ಪರೀಕ್ಷೆಯನ್ನು ಮತ್ತೆ ಮಾಡಿದವರನ್ನು ಮೊದಲು ಓದಬಹುದು.

ಲೇಖಕರ ಪುಟದ ಮೊತ್ತವನ್ನು ಮಾತ್ರ ಎಲ್ಲೂ ಕಣ್ಣುಮುಚ್ಚಿ ಒಪ್ಪಬೇಡಿ. ಒಂದು ಡೇಟಾಬೇಸ್‌ನಲ್ಲಿ ನನ್ನ ಸಹೋದ್ಯೋಗಿಯ ಪೇಪರ್‌ಗಳ ಜೊತೆ ಅದೇ ಹೆಸರಿನ ಬೆಳೆವಿಜ್ಞಾನಿಯ ಪೇಪರ್‌ಗಳೂ ಸೇರಿಕೊಂಡಿದ್ದವು. ಅವರ ಎಚ್-ಇಂಡೆಕ್ಸ್ (ಪೇಪರ್ ಮತ್ತು ಉಲ್ಲೇಖಗಳ ಸಂಖ್ಯೆಯಿಂದ ಲೆಕ್ಕಹಾಕುವ ಅಳತೆ) ಏರಿದ್ದು ಹಾಗೆ. ಆರ್ಕಿಡ್ (ORCID) ಸಂಖ್ಯೆ, ಅಂದರೆ ಸಂಶೋಧಕರೊಬ್ಬರಿಗೆ ಸಿಗುವ ಪ್ರತ್ಯೇಕ ಗುರುತುಸಂಖ್ಯೆ, ಮಾಡಿಸಿಕೊಂಡು, ಪೇಪರ್‌ಗಳನ್ನು ಅದಕ್ಕೆ ಜೋಡಿಸಿ, ತಿದ್ದಲು ಕೇಳಿಕೊಂಡ ಮೇಲೆ ಸರಿಹೋಯಿತು.

ಈಗ ನಾನು ಸ್ಕೋಪಸ್‌ನಿಂದ ಶುರುಮಾಡುತ್ತೇನೆ. ಸಿಕ್ಕಿದ್ದನ್ನು ಓಪನ್‌ಅಲೆಕ್ಸ್ ಪಟ್ಟಿಯ ಜೊತೆ ಡಿಒಐ (ಪೇಪರ್‌ಗೆ ಕೊಡುವ ಸ್ಥಿರ ಗುರುತುಸಂಖ್ಯೆ) ನೋಡಿ ಹೊಂದಿಸಿ, ಎರಡು ಸಲ ಬಂದದ್ದನ್ನು ತೆಗೆಯುತ್ತೇನೆ. ಹಳೆಯ ಪುಸ್ತಕವಿದ್ದರೆ ವೆಬ್ ಆಫ್ ಸೈನ್ಸ್. ಕೊನೆಗೆ ಗೂಗಲ್ ಸ್ಕಾಲರ್‌ನಲ್ಲಿ ಪ್ರಬಂಧಗಳಿಗಾಗಿ ಒಂದು ಮಧ್ಯಾಹ್ನ ಪೂರ್ತಿ ಕೂರುತ್ತೇನೆ. ಪ್ರತಿ ಸಂಖ್ಯೆಯ ಪಕ್ಕದಲ್ಲಿ ಅದು ಬಂದ ಡೇಟಾಬೇಸ್‌ನ ಹೆಸರು ಮತ್ತು ಹುಡುಕಿದ ದಿನಾಂಕ ಬರೆಯುತ್ತೇನೆ.